ಹೆಸರಿಗೆ ಬಂದ ರೋಗ

ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ನಮ್ಮ ಅಕ್ಕನ ಮಗ ನಾಲ್ಕು ದಿನದ ರಜೆಗೆ ರೋಣಕ್ಕೆ ಬಂದಿದ್ದ. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಹೊಡೆದು, ಒಂದು ನಿದ್ದೆ ತೆಗೆದು, ಎದ್ದು ಕೂತವನೇ "ಮಾಮಾ, ಕಟ್ಟಿ ಕಟ್ಟಾಕತ್ತೀನ್ರಿ" ಅಂದ.

ಮನೆ ಮುಂದಿನ ಕಟ್ಟೆಯ ಎರಡು ಕಲ್ಲು ಕಿತ್ತು ಆರು ತಿಂಗಳಾಗಿತ್ತು. ಅದು ಅಳಿಯನ ಕಣ್ಣಿಗೆ ಬಿತ್ತಲ್ಲ, ಹುಡುಗನಿಗೆ ಬುದ್ಧಿ ಬಂತು ಎಂದು ಹಿಗ್ಗಿ, "ನಾಳೆ ಉಸುಕು ತರಸ್ತೀನಿ ತಗೋ" ಅಂದೆ.

"ಉಸುಕು ಬ್ಯಾಡ್ರಿ. ಇಂಟರ್‌ನೆಟ್‌ನಾಗ ಕಟ್ಟಾಕತ್ತೀನಿ."

ವಿಷಯ ಇಷ್ಟು. ರೋಣ, ನರಗುಂದ, ಗಜೇಂದ್ರಗಡದ ಮಂದಿ ಒಂದು ಕಡೆ ಕೂತು ಮಾತಾಡಬೇಕು, ಆದರೆ ಕೂರಬಾರದು. ಒಬ್ಬ ಕೇಳಬೇಕು, ಇನ್ನೊಬ್ಬ ಹೇಳಬೇಕು. ಮುಂದಿನ ವರ್ಷ ಮೂರನೆಯವನು ಅದೇ ಸಂಕಟದಲ್ಲಿ ಮೊಬೈಲ್ ತೆಗೆದು ಹುಡುಕಿದರೆ ಹಳೆಯ ಉತ್ತರವೇ ಕೈಗೆ ಸಿಗಬೇಕು. ಕೇಳಿ ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಯಾಕೆಂದರೆ ಹಳೆಯ ಉತ್ತರ ಸಿಗದಿರುವುದೇ ನಮ್ಮ ಕಲ್ಲಿನ ಕಟ್ಟೆಗೆ ಇರುವ ದೊಡ್ಡ ರೋಗ. ಮುಂಜಾನೆ ಎಂಟಕ್ಕೆ ಅಲ್ಲಿ ಹುಟ್ಟಿದ ಜ್ಞಾನ ಒಂಬತ್ತಕ್ಕೆ ಚಹಾದ ಕಪ್ಪಿನ ಜೊತೆ ತೊಳೆದು ಹೋಗುತ್ತದೆ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ರೈತರು ಎದ್ದರಲ್ಲ, ಆ ಕಥೆಯನ್ನು ಕಟ್ಟೆಯಲ್ಲಿ ಐದು ಮಂದಿಯ ಬಾಯಲ್ಲಿ ಐದು ಥರ ಕೇಳಿದ್ದೇನೆ. ಐವರೂ ಮೆರವಣಿಗೆಯ ಮುಂದಿನ ಸಾಲಿನಲ್ಲೇ ಇದ್ದರು. ಅವರಲ್ಲಿ ಒಬ್ಬ ನನಗಿಂತ ಚಿಕ್ಕವನು, ಆಗ ತೊಟ್ಟಿಲಲ್ಲಿದ್ದಿರಬೇಕು.

"ಹುಡುಕಿದ್ರ ಸಿಗಬೇಕು ಅಂತಿಯಲ್ಲ, ಮೊದ್ಲು ನಮ್ಮ ಊರು ಸಿಗತೈತೇನು ನೋಡು" ಅಂದೆ. ಅವನ ಕೈ ಇಂಗ್ಲಿಷ್ ಅಕ್ಷರಕ್ಕೇ ಹೋಯಿತು. 'ರಾನ್' ಅಂತ ಮೂರು ಅಕ್ಷರ ಒತ್ತಿದ. ಹ್ಯಾರಿ ಪಾಟರನ ಕೆಂಪುಗೂದಲಿನ ಗೆಳೆಯ ಹಲ್ಲು ಕಿರಿದ. ಅಷ್ಟೇ ಅಲ್ಲ, ಸ್ಪ್ಯಾನಿಷ್ ಭಾಷೆಯಲ್ಲಿ 'ರಾನ್' ಅಂದರೆ ರಮ್ಮು. ದ್ರೋಣಾಚಾರ್ಯರ ನೆನಪಿನಲ್ಲಿ ದ್ರೋಣಪುರ ಅನ್ನಿಸಿಕೊಂಡ ಊರು, ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ಊರು, ಕಡಲಾಚೆ ಹೋದರೆ ಶೆರೆಯ ಶೀಸೆಯ ಮೇಲಿನ ಚೀಟಿ! ನರಗುಂದದ್ದು ಬೇರೆ ಗೋಳು: ನರ್ಗುಂಡ್, ನರಗುಂಡ, ನರಗುಂದ ಎಂದು ಬೋರ್ಡಿಗೊಂದು ಕಾಗುಣಿತ. ಗಜೇಂದ್ರಗಡ ಅಂದರೆ 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಆದ ಒಪ್ಪಂದ ಬರುತ್ತದೆ. ಗಡಕ್ಕೆ ಸಂಜೆಯ ಕಡೆ ಬಸ್ಸು ಎಷ್ಟಕ್ಕೆ ಅಂದರೆ ಸುಮ್ಮನೆ ಇರುತ್ತದೆ. ಟಿಪ್ಪು ಬಸ್ಸಿಗೆ ಕಾದಿರಲಿಲ್ಲವಲ್ಲ.

ಅಳಿಯ ಸೋಲುವವನಲ್ಲ. "ಕನ್ನಡದಾಗ ಹುಡುಕೂಣ" ಅಂದ. ಪಕ್ಕದ ಮನೆಯ ಕಾಕಾ ಅಷ್ಟರಲ್ಲಿ ಬಂದು ಕೂತಿದ್ದರು. ಅವರದು ಎರಿಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ. "ನಂದೊಂದು ಕೇಳು ತಮ್ಮಾ, ಹೆಸರು ಕೆಟ್ಟೈತಿ, ಏನ್ ಮಾಡಬೇಕು?" ಅಂದರು. ಅಳಿಯ ಹಾಗೇ ಒತ್ತಿದ. ಬಂದದ್ದೇನು? ಸಮಾಜದಲ್ಲಿ ಗೌರವ ಉಳಿಸಿಕೊಳ್ಳುವುದು ಹೇಗೆ ಎಂಬ ಉಪದೇಶ! 'ಹೆಸರು' ಅಂತ ಬರೀ ಒಂದೇ ಮಾತು ಒತ್ತಿದರೆ ಗಂಡು ಕೂಸಿನ ಹೆಸರು, ಹೆಣ್ಣು ಕೂಸಿನ ಹೆಸರು. ಕಾಕಾರಿಗೆ ಎಪ್ಪತ್ತು ದಾಟಿದೆ. "ಈ ವಯಸ್ಸಿನಾಗ ತೊಟ್ಲಾ ಕಟ್ಟಸ್ತಾನಲ್ಲೋ ನಿನ್ನ ಗೂಗಲ್ಲು" ಅಂದು ಎದ್ದು ಹೊರಟವರನ್ನು ಚಹಾದ ಆಸೆ ತೋರಿಸಿ ಕೂರಿಸಿದೆ.

ಇದು ಒಂದು ಕಾಳಿನ ಕಥೆಯಲ್ಲ. ನಾವು ಜೋಳ ಅಂದರೆ ರೊಟ್ಟಿಯ ಜೋಳ, ಬೆಂಗಳೂರಿನವರು ಜೋಳ ಅಂದರೆ ಸಿನೆಮಾ ಟಾಕೀಸಿನ ಮುಂದೆ ಸುಟ್ಟು ಮಾರುವ ಗೋವಿನಜೋಳ. ನಮ್ಮ ಶೇಂಗಾ ತುಂಗಭದ್ರೆ ದಾಟಿದ ಮೇಲೆ ಕಡಲೆಕಾಯಿ ಆಗುತ್ತದೆ, ನಮ್ಮ ಕಡ್ಲಿಗೆ ಸಂಬಂಧವೇ ಇಲ್ಲದಿದ್ದರೂ. ಉಳ್ಳಾಗಡ್ಡಿ ಈರುಳ್ಳಿ, ಬಟಾಟಿ ಆಲೂಗಡ್ಡೆ. ಮೇಲಿಂದ ನಮ್ಮ ವಿಭಕ್ತಿಗಳು: ರೋಣ, ರೋಣಕ್ಕ, ರೋಣದಾಗ, ರೋಣದಾಂವ, ರೋಣದಾಕಿ. ಇವೆಲ್ಲ ಒಂದೇ ಊರು ಎಂದು ಕಟ್ಟೆಯ ಮೇಲಿನ ಮೂರು ವರ್ಷದ ಹುಡುಗನಿಗೆ ಗೊತ್ತು, ಯಂತ್ರಕ್ಕೆ ಹೇಳಿಕೊಡಬೇಕು. ಊರಿನ ಹೆಸರೂ ಒಂದೇ ಕಡೆ ನಿಲ್ಲುವುದಿಲ್ಲ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ತನ್ನದು ಸಯ್ಯಡಿ ಅಂದ. ನಾವು ಈಗ ಸವಡಿ ಅನ್ನುತ್ತೇವೆ. ಪಾಪ, ಅವನು ತನ್ನ ಊರು ಹುಡುಕಿದರೆ ಅವನಿಗೂ ಸಿಗಲಿಕ್ಕಿಲ್ಲ.

"ಅದಕ್ಕ ಮಾಮಾ, ಪ್ರಶ್ನೆ ಹೆಂಗ ಕೇಳ್ತಾರೋ ಹಂಗೇ ತಲೆಬರಹ ಇರಬೇಕ್ರಿ. ಮಗ್ಗುಲಕ ಬ್ಯಾರೆ ಹೆಸರೂ ಬರದಿರಬೇಕು" ಅಂದ ಅಳಿಯ. ಇದು ಒಪ್ಪುವ ಮಾತು. ಕೃಷಿಯ ಪುಸ್ತಕ 'ಹಳದಿ ನಂಜಾಣು ರೋಗ' ಅನ್ನುತ್ತದೆ. ಕಾಕಾ "ಹೆಸರು ಹಳದಿ ತಿರಗೈತಿ" ಅನ್ನುತ್ತಾರೆ. ಇಬ್ಬರೂ ಒಂದೇ ಪುಟದಲ್ಲಿ ಭೇಟಿಯಾಗದಿದ್ದರೆ ಪುಸ್ತಕ ಪುಸ್ತಕದ ಕಡೆ, ಬೆಳೆ ಕಾಕಾರ ಕಡೆ ಒಣಗುತ್ತವೆ.

ಈ ಹುಡುಕಾಟದ ಪಾಪದಲ್ಲಿ ನನ್ನ ಪಾಲೂ ಇದೆ. ಹಳೆಯ ಹರಟೆಗಳನ್ನೆಲ್ಲ ಇಪ್ಪತ್ತು ವರ್ಷದ ಹಿಂದೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಭದ್ರವಾಗಿ ಇಟ್ಟಿದ್ದೆ. ಅಳಿಯ ತೆರೆದ. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು ಸಂತೆಯ ದಿನದ ಬಸ್ಸಿನಂತೆ ಒಂದರ ಮೇಲೊಂದು ಬಿದ್ದಿದ್ದವು. "ಇದ್ರಾಗ ಒಂದು ಅಕ್ಷರನೂ ಕನ್ನಡ ಇಲ್ರಿ" ಅಂದ. ಆಮೇಲೆ ಬಿಡಿಸಿ ಹೇಳಿದ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವಂತೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ದೊಡ್ಡಾಟದಲ್ಲಿ ದ್ರೌಪದಿಯ ಸೀರೆ ಜಾರಿದರೆ ಒಳಗೆ ಮೀಸೆಯ ಗಂಡಸು ಇದ್ದ ಹಾಗೆ. ಯುನಿಕೋಡಿನಲ್ಲಿ ಹಾಗಲ್ಲ. ಪ್ರತಿ ಅಕ್ಷರಕ್ಕೂ ಅದರದೇ ನಂಬರು, 'ಕ' ಅಂದರೆ 3221, 'ರ' ಅಂದರೆ 3248. ನನಗೆ ತಟ್ಟನೆ ಹೊಳೆಯಿತು: ಅಂದರೆ ಅಕ್ಷರಕ್ಕೂ ಉತಾರ! ನನ್ನ ಹರಟೆಗಳು ಇಷ್ಟು ವರ್ಷ ಉತಾರ ಇಲ್ಲದ ಹೊಲದಂತೆ ಬಿದ್ದಿದ್ದವು. ಉಳುತ್ತಿದ್ದೆ, ಬಿತ್ತುತ್ತಿದ್ದೆ, ದಾಖಲೆಯಲ್ಲಿ ಮಾತ್ರ ನನ್ನದಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಇಲ್ಲವೆಂದಲ್ಲ. ಪವನಜರ 'ವಿಶ್ವಕನ್ನಡ' 1996ರಲ್ಲೇ ಜಾಲಕ್ಕೆ ಬಂತು, 1998ರಲ್ಲಿ 'ಬರಹ' ತಂತ್ರಾಂಶ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗರು ಶುರು ಮಾಡಿದ 'ಸಂಪದ' ಯುನಿಕೋಡಿನಲ್ಲೇ ಮಂದಿಯನ್ನು ಕೂರಿಸಿ ಹರಟಿಸಿತು. ಅಲ್ಲಿ ಪದದ ಅರ್ಥಕ್ಕೆ ಜಗಳ ಆಡಿದವರು ಇಂದಿಗೂ ಅದನ್ನು ತವರುಮನೆಯಂತೆ ನೆನೆಯುತ್ತಾರೆ. ಆಮೇಲೆ ಕಟ್ಟೆಯ ಮಂದಿಯೆಲ್ಲ ಎದ್ದು ವಾಟ್ಸಾಪಿನ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಓಣಿಯ ಗುಂಪಿನಲ್ಲಿ ಹೋದ ವರ್ಷ ಒಬ್ಬ ಪುಣ್ಯಾತ್ಮ ಬಾವಿಯ ಮೋಟರು ಸುಡದಂತೆ ಏನು ಮಾಡಬೇಕು ಎಂದು ಬಹಳ ಚಂದ ಹೇಳಿದ್ದ. ಮೊನ್ನೆ ನನ್ನ ಮೋಟರು ಸುಟ್ಟಿತು. ಹುಡುಕಿದೆ. ನಾಲ್ಕು ನೂರು ಶುಭ ಮುಂಜಾನೆ, ಗುಲಾಬಿ ಹೂ, ಗಣಪತಿ ದಾಟಿದ ಮೇಲೆ ಗೊತ್ತಾಯಿತು, ಅವನು ಬರೆದಿರಲೇ ಇಲ್ಲ, ಧ್ವನಿ ಕಳಿಸಿದ್ದ. ಧ್ವನಿಯನ್ನು ಎಲ್ಲಿ ಅಂತ ಹುಡುಕುವುದು?

ಈ ವಿಷಯದಲ್ಲಿ ಹಿಂದಿನವರು ಗಟ್ಟಿಗರು. ನಮ್ಮ ಸೂಡಿಗೆ ಹೋಗಿ ನೋಡಿ. ಜೋಡು ಕಳಸದ ಗುಡಿ, ನಾಗಕುಂಡ ನೋಡಿ ಫೋಟೋ ಹೊಡೆದುಕೊಂಡು ಬರುವವರೇ ಹೆಚ್ಚು. ಹನ್ನೊಂದನೇ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಚಾಲುಕ್ಯರ ಅಕ್ಕಾದೇವಿ ಆ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಊರಿನ ಕಟ್ಟಳೆ ಮಾಡಿಕೊಟ್ಟಳು. ಅದು ಕಲ್ಲಿನ ಮೇಲಿದೆ. ಪಾಸ್‌ವರ್ಡ್ ಇಲ್ಲ, ಹಾದುಹೋಗುವವನ ಕಣ್ಣಿಗೆ ಬೀಳಬೇಕು, ಸಾವಿರ ವರ್ಷ ಜಾಗ ಬದಲಾಗಬಾರದು. ಇನ್ನು ಕಿಡಿಗೇಡಿಗಳಿಗೆ? ಶಾಸನಗಳ ಕೊನೆಗೆ ಶಾಪ ಇರುತ್ತದಲ್ಲ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯ ಕೊಂದ ಪಾಪ ಬರಲಿ ಎಂದು. ಅಳಿಯನ ಕಟ್ಟೆಯ ನಿಯಮಾವಳಿ ಹನ್ನೊಂದು ಪುಟ ಇತ್ತು. ನಾನು ಆ ಒಂದು ಸಾಲು ಹಾಕು ಅಂದೆ. "ದುಡ್ಡು ದುಪ್ಪಟ್ಟು ಮಾಡಿಕೊಡ್ತೀವಿ ಅಂತ ಲಿಂಕ್ ಒಗೆಯೋರು ಪಾಪಕ್ಕ ಹೆದರಂಗಿಲ್ರಿ" ಅಂದ. ಅದೂ ಖರೆ.

ಮರುದಿನ ಅವನ ಕಟ್ಟೆ ತೋರಿಸಿದ. ಹದಿನಾಲ್ಕು ವಿಭಾಗ! ನೀರಾವರಿ, ನೇಕಾರಿಕೆ, ಸಾಹಿತ್ಯ, ಸಂಗೀತ. ಎಲ್ಲ ಕಡೆ ಗುಡಿಸಿ ಸಾರಿಸಿ ರಂಗೋಲಿ, ಕೂತವರು ಯಾರೂ ಇಲ್ಲ. ನೋಡಲು ಹೋದರೆ ಮೊದಲು ಹೆಸರು ಬರಿ, ನಂಬರು ಕೊಡು, ಓಟಿಪಿ ಹೇಳು. "ಓದಾಕ ಬಂದಾಂವಗ ಬಾಗಲದಾಗ ನಾಯಿ ಕಟ್ಟೀದಿ. ಗೂಗಲ್ಲಿನ ಆಳು ಬಂದ್ರ ಅಂವಗ ಓಟಿಪಿ ಎಲ್ಲಿಂದ ಬರಬೇಕೋ?" ಅಂದೆ. ನಾನು ಚೇಷ್ಟೆಗೆ ಅಂದದ್ದು. ಅವನು ತಲೆ ತುರಿಸಿಕೊಂಡು, "ಹೌದಲ್ರಿ, ಹುಡುಕೋ ಯಂತ್ರ ಒಳಗೇ ಬರಂಗಿಲ್ಲ" ಎಂದು ಬೀಗ ತೆಗೆದ. ಓದುವವರಿಗೆ ಬಾಗಿಲು ತೆರೆದು, ಬರೆಯುವವರಿಗೆ ಮಾತ್ರ ಓಟಿಪಿ ಉಳಿಸಿದ. ಹದಿನಾಲ್ಕು ವಿಭಾಗ ಒಡೆದು ಮೂರು ಮಾಡಿಸಿದೆ: ಹೊಲ, ಮಗ್ಗ, ಇತರೆ. ಮಗ್ಗ ಯಾಕೆಂದರೆ ಗಡದ ಪಟ್ಟೇದ ಅಂಚಿನ ಸೀರೆಯನ್ನು ಈಗ ಪ್ಯಾಟಿಯ ಹೆಣ್ಣುಮಕ್ಕಳು ಹುಡುಕುತ್ತಿದ್ದಾರೆ. ಹುಡುಕಿದವರಿಗೆ ನೇಯ್ದವನೂ ಸಿಗಲಿ.

ಮೊದಲ ಪ್ರಶ್ನೆ ಕಾಕಾರದೇ. ತಲೆಬರಹ ಏನು ಹಾಕಲಿ ಅಂದರೆ "ಅರ್ಜೆಂಟ್ ಐತಿ ಅಂತ ಹಾಕು" ಅಂದರು. ಅಳಿಯ ಕೈಮುಗಿದ. ನಾಲ್ಕು ಸಲ ತಿದ್ದಿದ ಮೇಲೆ ನಿಂತದ್ದು: 'ಹೆಸರು ಬೆಳಿ ಎಲಿ ಹಳದಿ ತಿರಗಾಕತ್ತಾವು, ಏನ್ ಹೊಡಿಬೇಕು?' ಎರಡು ದಿನ ಯಾರೂ ಉತ್ತರಿಸಲಿಲ್ಲ. ಕಾಕಾ ಮಾತ್ರ ದಿನಾ ಮೂರು ಸಲ ಬಂದು, "ಬಂತೇನು?" ಅಂತ ಕೇಳಿ, ಚಹಾ ಕುಡಿದು ಹೋದರು.

ಅಳಿಯ ಬೆಂಗಳೂರಿನಿಂದ ಫೋನ್ ಮಾಡಿದ. "ಮಾಮಾ, ಕಟ್ಟಿಗೆ ಮಂದಿ ಬರವಲ್ರು."

"ಬಾಜೂಕ ಚಹಾದಂಗಡಿ ಐತೇನು?"

ಮೂರನೇ ದಿನ ಉತ್ತರ ಬಂತು. ನರಗುಂದದ ಕಡೆಯವರು ಯಾರೋ ಬರೆದಿದ್ದರು: ಬಿಳಿನೊಣ ಹಬ್ಬಿಸುತ್ತದೆ, ರೋಗ ಬಂದ ಗಿಡಕ್ಕೆ ಏನು ಹೊಡೆದರೂ ಹಸಿರಾಗುವುದಿಲ್ಲ, ಮೊದಲೇ ಕಿತ್ತು ಹಾಕಬೇಕಿತ್ತು, ಈಗ ಉಳಿದದ್ದನ್ನು ಉಳಿಸಿಕೊಳ್ಳಿ. ಓದಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಾನೇ ಹೋದ ವರ್ಷ ಇದ ಕಟ್ಟಿ ಮ್ಯಾಲೆ ಕುಂತು ಹೇಳಿದ್ನೆಲ್ಲೋ" ಅಂದರು.

ಉಸುಕು ಬಂದು ಬಿದ್ದು ವಾರವಾಯಿತು. ಅದರ ಮೇಲೆ ಓಣಿಯ ಹುಡುಗರು ಗುಡಿ ಕಟ್ಟುತ್ತಿದ್ದಾರೆ.