ಮಸಿ ಬಳಿಯುವ ಸರಿಯಾದ ಕ್ರಮ

ಮೊದಲು ಅಂಗಡಿಗೆ ಹೋಗಿ. ಪೆನ್ನು-ಮಸಿಯ ಚಿತ್ರಕ್ಕೆ ಒಂದು ಹಿಡಿಕೆ, ಎರಡು ನಿಬ್ಬು, ಒಂದು ಬಾಟಲಿ ಇಂಡಿಯನ್ ಇಂಕು ಸಾಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅಷ್ಟೇ ಸಾಮಾನು ತಂದರೆ ಅಂದೇ ಸಂಜೆ ಚಿತ್ರ ಬರೆಯಲು ಕೂರಬೇಕಾಗುತ್ತದೆ. 0.1ರಿಂದ 0.8ರವರೆಗಿನ ಪೆನ್ನುಗಳ ಪೂರ್ತಿ ಸೆಟ್ಟು ಕೊಳ್ಳಿ. ಅವನ್ನಿಡಲು ಚೀಲ ಕೊಳ್ಳಿ. ದಪ್ಪ ರಟ್ಟಿನ ಸ್ಕೆಚ್ ಪುಸ್ತಕ ಕೊಳ್ಳಿ. ಅದು ಎಷ್ಟು ದುಬಾರಿಯೋ ಅಷ್ಟು ಒಳ್ಳೆಯದು, ಮೊದಲ ಪುಟ ಹಾಳಾದೀತೆಂಬ ಭಯದಲ್ಲೇ ವರ್ಷಗಳು ಕಳೆಯುತ್ತವೆ. ಕೈ ತಡೆಯದಿದ್ದರೆ 75 ಜಿಎಸ್‌ಎಂನ ಜೆರಾಕ್ಸ್ ಹಾಳೆ ಬಳಸಿ. ಅದರಲ್ಲಿ ಮಸಿ ನಾರುಗುಂಟ ಹರಡಿ ಎಲ್ಲ ಗೆರೆಗಳ ಅಂಚೂ ಒಡೆದುಹೋಗುತ್ತದೆ.

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಅದನ್ನು ಸೋಪಿನ ನೀರಿನಲ್ಲಿ ತೊಳೆಯಬೇಡಿ. ಎಣ್ಣೆ ಇದ್ದರೆ ಮಸಿ ನಿಬ್ಬಿನ ಮೇಲೆ ಹರಡಿ ನಿಲ್ಲದೆ ಹನಿಗಟ್ಟಿ, ನೀವು ಮೂಗು ಬರೆಯುವ ಹೊತ್ತಿಗೆ ಸರಿಯಾಗಿ ತೊಟ್ಟಿಕ್ಕುತ್ತದೆ. ಕುಣಿಯಲಾರದವರು ನೆಲ ಡೊಂಕು ಎನ್ನಬೇಕಾದರೆ ನೆಲವನ್ನು ಮೊದಲೇ ಡೊಂಕು ಮಾಡಿಟ್ಟುಕೊಂಡಿರಬೇಕು. ನಿಬ್ಬನ್ನು ನಿಮ್ಮ ಕಡೆಗೆ ಎಳೆಯುವ ಬದಲು ಮುಂದಕ್ಕೆ ತಳ್ಳಿ. ಸೀಳಿದ ತುದಿ ಕಾಗದದ ನಾರಿಗೆ ಸಿಕ್ಕಿ ಚಿಮ್ಮಿ, ಆಕಾಶದ ತುಂಬ ಚುಕ್ಕಿ ಬೀಳುತ್ತವೆ. ಕೇಳಿದವರಿಗೆ ಟೆಕ್ಸ್ಚರ್ ಅನ್ನಿ.

ಮನೆಯಲ್ಲಿ ಅಜ್ಜನ ಕಾಲದ ಫೌಂಟನ್ ಪೆನ್ನಿದ್ದರೆ ಇಂಡಿಯನ್ ಇಂಕನ್ನು ಅದಕ್ಕೇ ತುಂಬಿ. ಆ ಮಸಿಯಲ್ಲಿರುವ ಅರಗು ಒಮ್ಮೆ ಒಣಗಿದರೆ ನೀರಿಗೂ ಜಗ್ಗುವುದಿಲ್ಲ, ಹಾಳೆಯ ಮೇಲಾದರೂ ಸರಿ, ಪೆನ್ನಿನ ನಾಲಿಗೆಯ ಒಳಗಾದರೂ ಸರಿ. ರಿಪೇರಿ ಮಾಡುವವರು ಸಿಗುವ ತನಕ ಅಭ್ಯಾಸಕ್ಕೆ ರಜೆ ಕೊಡಿ. ಈಗೆಲ್ಲ ಅಂಥವರು ಸುಲಭಕ್ಕೆ ಸಿಗುವುದಿಲ್ಲ, ಚಿಂತೆ ಬೇಡ.

ಚಿತ್ರಕ್ಕೆ ಹಂಪಿಯ ಕಲ್ಲಿನ ರಥವನ್ನು ಆರಿಸಿಕೊಳ್ಳಿ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲೂ ಅದೇ ಇರುವುದರಿಂದ, ನೀವು ಹೇಗೆ ಬರೆದರೂ ಜನ ಅದನ್ನು ರಥವೆಂದು ಗುರುತು ಹಿಡಿಯುತ್ತಾರೆ. ಆದರೆ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಕೂತು ಬರೆಯಬೇಡಿ. ಅಲ್ಲಿ ಕೂತರೆ, ಓರೆಯಿಂದ ನೋಡಿದಾಗ ಚಕ್ರ ದುಂಡಗಿಲ್ಲ, ಮೊಟ್ಟೆಯಾಕಾರದಲ್ಲಿದೆ ಎಂಬಂಥ ಅನನುಕೂಲದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಮನೆಗೆ ಬನ್ನಿ. ಚಕ್ರವನ್ನು ಕೈವಾರದಿಂದ ಹಾಕಿ.

ಪೆನ್ಸಿಲಿನಲ್ಲಿ ಇಡೀ ಚಿತ್ರವನ್ನು ನೆರಳು ಸಮೇತ ಮುಗಿಸಿಬಿಡಿ. ಆಮೇಲೆ ಅತಿ ಸಣ್ಣ ಪೆನ್ನು ಹಿಡಿದು, ಉಸಿರು ಬಿಗಿಹಿಡಿದು, ಒಂದನೇ ಕ್ಲಾಸಿನಲ್ಲಿ ಅ ಆ ತಿದ್ದಿದ ಹಾಗೆ ಅದರ ಮೇಲೇ ತಿದ್ದಿ. ಮುಂದಿರುವ ಆನೆಗೂ ಹಿಂದಿರುವ ಗುಡ್ಡಕ್ಕೂ ಒಂದೇ ದಪ್ಪದ ಗೆರೆ ಇರಲಿ. ಬಲಗೈಯವರು ಬಲಗಡೆಯಿಂದ ಶುರು ಮಾಡಿ, ಅಂಗೈ ಹಸಿ ಮಸಿಯ ಮೇಲೇ ಸಾಗಲಿ. ಆರುವ ಮೊದಲೇ ರಬ್ಬರ್ ಉಜ್ಜಿ.

ಈಗ ಕ್ರಾಸ್ ಹ್ಯಾಚಿಂಗ್. ಇಲ್ಲಿ ಆತುರ ಬೇಡ, ಕಸುಬೆಲ್ಲ ಇರುವುದು ಇದರಲ್ಲೇ. ಇದು ಬೆಳಕು ನೆರಳು ತೋರಿಸುವ ವಿಧಾನ ಎಂದು ಪುಸ್ತಕಗಳು ಹೇಳುತ್ತವೆ. ನೀವು ಇದನ್ನು ಮುಚ್ಚುವ ವಿಧಾನವೆಂದು ತಿಳಿಯಿರಿ. ತಪ್ಪಿದ ಕಡೆ ಓರೆಗೆರೆ ಎಳೆಯಿರಿ, ಅದರ ಮೇಲೆ ಎದುರು ಓರೆ, ಆಮೇಲೆ ಅಡ್ಡ, ಆಮೇಲೆ ಉದ್ದ. ಎಂಥ ತಪ್ಪೂ ನೆರಳಾಗುತ್ತದೆ. ಆನೆಗೆ ಐದು ಕಾಲಾಯಿತೇ? ಐದನೆಯದನ್ನು ನೆರಳಿಗೆ ಸೇರಿಸಿ. ಅದಕ್ಕೆ ಸೂರ್ಯ ಎಡಗಡೆ ಇರಬೇಕಾಗುತ್ತದೆ, ಇರಲಿ. ಮಂಟಪದ ತಪ್ಪಿಗೆ ಬಲಗಡೆಯೂ ಒಬ್ಬ ಸೂರ್ಯ ಬೇಕಾದಾನು, ಅವನೂ ಇರಲಿ. ದುಂಡು ಕಂಬಕ್ಕೆ ಅದರ ಮೈಯ ಬಾಗಿಗೆ ತಕ್ಕಂತೆ ಗೆರೆ ಎಳೆಯುವ ಗೋಜಿಗೆ ಹೋಗಬೇಡಿ. ಗೋಡೆ, ಕಂಬ, ಪ್ರವಾಸಿಗರ ಕೆನ್ನೆ, ಎಲ್ಲಕ್ಕೂ ಒಂದೇ ದಿಕ್ಕು. ಬೆರಳು ಬರೆಯಲು ಬಾರದಿದ್ದರೆ ಪ್ಯಾಂಟಿನವರ ಕೈಯನ್ನು ಜೇಬಿಗೆ ಹಾಕಿಸಿ, ಪಂಚೆಯವರ ಕೈಯನ್ನು ಬೆನ್ನ ಹಿಂದೆ ಕಟ್ಟಿಸಿ. ಬಿಳಿ ಜಾಗ ಮಾತ್ರ ಎಲ್ಲೂ ಉಳಿಸಬೇಡಿ. ಅದು ಬೆಳಕು ಎಂದು ಕೆಲವರು ವಾದಿಸುತ್ತಾರೆ, ಆದರೆ ನೆಂಟರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ.

ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳಿಂದ ದೂರವಿರಿ. ಕುಣಿಯುವ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದು ಉಳಿದ ಹಾಳೆಯನ್ನು ಖಾಲಿ ಬಿಡುವ ಧೈರ್ಯ ಕಲಿಯುವವರ ಮನಸ್ಸು ಕೆಡಿಸುತ್ತದೆ. ಗೋವಾದ ಮಾರಿಯೋ ಮಿರಾಂಡಾ ಪರವಾಗಿಲ್ಲ. ಅವರ ಹಾಳೆ ಜನರಿಂದ ಗಿಜಿಗುಡುವುದರಿಂದ ನಿಮ್ಮ ಗೋಜಲನ್ನು ಅವರ ಪ್ರಭಾವ ಎಂದು ದಾಟಿಸಬಹುದು. ಅಲ್ಲಿ ಒಬ್ಬೊಬ್ಬರ ಮುಖವೂ ಬೇರೆಯಿದೆ ಎಂಬುದನ್ನು ಎಷ್ಟು ಜನ ಹತ್ತಿರ ಹೋಗಿ ನೋಡಿಯಾರು? ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಯಾರೇ ತಪ್ಪು ತೋರಿಸಿದರೂ ತಕ್ಷಣ ಇದನ್ನು ಹೇಳಿ. ಮೈಸೂರಿನಲ್ಲಿ ಹುಡುಗನಾಗಿದ್ದಾಗಿನಿಂದ ಅವರು ಕಾಗೆಗಳನ್ನು ನೋಡಿ ನೋಡಿ ಬರೆದರು ಎಂಬ ಇನ್ನರ್ಧವನ್ನು ಹೇಳುವ ಅಗತ್ಯವಿಲ್ಲ.

ಅಕ್ಟೋಬರಿನ 31 ದಿನವೂ ದಿನಕ್ಕೊಂದು ಮಸಿ ಚಿತ್ರ ಬರೆಯುವ ಇಂಕ್‌ಟೋಬರನ್ನು ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದರು. ಅದರಲ್ಲಿ ತಪ್ಪದೆ ಸೇರಿ. ಸೆಪ್ಟೆಂಬರಿನಲ್ಲೇ ಎಲ್ಲರಿಗೂ ಸಾರಿ ಹೇಳಿ, ಮೂರನೇ ದಿನ ನಿಲ್ಲಿಸಿ. ದಸರಾ, ದೀಪಾವಳಿ ಎರಡೂ ಆಸುಪಾಸಿನಲ್ಲೇ ಬರುವುದರಿಂದ ನೆಪಕ್ಕೆ ಬರವಿಲ್ಲ.

ಇನ್ನು ಸಹಿ. ಇದೊಂದನ್ನು ಮಾತ್ರ ದಿನವೂ ಅಭ್ಯಾಸ ಮಾಡಿ. ದಪ್ಪ-ತೆಳು, ಓಟ, ಬಳುಕು, ರಥಕ್ಕೆ ಬೇಡವೆಂದು ಬಿಟ್ಟದ್ದೆಲ್ಲ ಇಲ್ಲಿ ಬರಲಿ. ಅದರ ಕೆಳಗೆ ಇಸವಿ ಹಾಕಬೇಡಿ. ಹತ್ತು ವರ್ಷದ ಹಿಂದಿನ ರಥವನ್ನೂ ನಿನ್ನೆಯ ರಥವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ನಿಮಗೇ ತಿಳಿಯುವುದಿಲ್ಲ. ಎರಡನ್ನೂ ಹೊಸದೆಂದೇ ಹೇಳಿ ಜನವರಿಯ ಚಿತ್ರಸಂತೆಗೆ ಒಯ್ಯಿರಿ.