ಗಾಳಕ್ಕೂ ಒಂದು ಸಿಂಗಾರ

ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬರುವ ನಮ್ಮ ಹುಡುಗರ ಹವ್ಯಾಸಗಳಿಗೆ ಈಗ ಇನ್ನೊಂದು ಸೇರಿದೆ: ಮೀನಿನ ಗಾಳಕ್ಕೆ ನೊಣ ಕಟ್ಟುವುದು. ಜೀವವಿರುವ ನೊಣವಲ್ಲ. ಅದು ಬೇಕಾದರೆ ಸಂತೆಯ ಬೆಲ್ಲದ ಪೆಂಟಿಯ ಮೇಲೆ ಪುಕ್ಕಟೆ ಸಿಗುತ್ತದೆ, ಅದಕ್ಕೇ ಅದಕ್ಕೆ ಮರ್ಯಾದೆಯಿಲ್ಲ. ಇದು ಗರಿ, ನೂಲು, ತಂತಿ ಸುತ್ತಿ ಕಬ್ಬಿಣದ ಕೊಕ್ಕೆಯನ್ನು ಹುಳುವಿನ ವೇಷಕ್ಕೆ ತರುವ ವಿದ್ಯೆ.

ವಿದ್ಯಾರ್ಥಿಗೆ ಮೊದಲು ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್ ಬೇಕು. ಬಾಬಿನ್ ಬೇಕು, ಚೂಪು ಕತ್ತರಿ ಬೇಕು, ಗರಿ ಹಿಡಿಯುವ ಚಿಮಟ ಬೇಕು. ಮೊದಲ ಪಾಠ ಸಾಮಾನ್ಯವಾಗಿ ‘ವೂಲಿ ಬಗ್ಗರ್’ ಎಂಬ ನೊಣದ್ದು. ಬಾಲಕ್ಕೆ ಮರಾಬು ಗರಿ (ಹೆಸರು ಕೊಕ್ಕರೆಯದು, ಗರಿ ಟರ್ಕಿ ಕೋಳಿಯದು; ಮೋಸ ಇಲ್ಲಿಂದಲೇ ಶುರು), ಮೈಗೆ ಶೆನಿಲ್ ದಾರ, ಮೇಲೆ ಹುಂಜದ ಗರಿಯ ಸುತ್ತು, ಕೊನೆಗೆ ತಲೆಯ ಹತ್ತಿರ ಗಂಟು. ಹೊಸಬರು ಉಮೇದಿನಲ್ಲಿ ಸುತ್ತುತ್ತ ಸುತ್ತುತ್ತ ಮುಂದೆ ಬಂದು ಗಾಳದ ಕಣ್ಣನ್ನೇ ಮುಚ್ಚಿಬಿಡುತ್ತಾರೆ. ನೊಣ ಸಿದ್ಧ, ದಾರ ಪೋಣಿಸಲು ಜಾಗವಿಲ್ಲ. ಪೈಪಿನ ಸಂಪರ್ಕವಿಲ್ಲದೆ ಉದ್ಘಾಟನೆಯಾಗಿ ನಿಂತ ನೀರಿನ ಟ್ಯಾಂಕಿನ ಹಾಗೆ ಅದನ್ನು ದೂರದಿಂದ ನೋಡಿ ಆನಂದಿಸಬೇಕು.

ಇಷ್ಟೆಲ್ಲ ಯಾರಿಗಾಗಿ? ಕುಮುದ್ವತಿ ನದಿಯನ್ನು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ಮದಗ-ಮಾಸೂರು ಕೆರೆಯ ಮೀನಿಗಾಗಿ. ನಮ್ಮ ಕಡೆ ಕೆರೆಗೆ ಬಿಡುವ ಮರಿಗಳೆಂದರೆ ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲ್ನೀರಿನಲ್ಲಿ ಬಾಯಿ ತೆರೆದುಕೊಂಡು ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿ ನುಂಗುತ್ತದೆ. ರೋಹುವಿಗೆ ಪಾಚಿ, ಸೊಪ್ಪು ಸಾಕು. ಮೃಗಾಲ್ ತಳದ ಕೆಸರು ಬಿಟ್ಟು ಮೇಲೇಳುವುದು ಕಡಿಮೆ. ನೊಣ ಕಂಡು ನೆಗೆಯುವ ಟ್ರೌಟ್ ಈ ಬಿಸಿಲಿಗೆ ಬದುಕುವುದಿಲ್ಲ. ಹುಳು, ಕಪ್ಪೆ ಹಿಡಿಯುವ ಕೊರವ ಮೀನು ಉಂಟು. ಅದಕ್ಕೆ ಎರೆಹುಳುವೇ ಸಾಕು, ಟರ್ಕಿಯ ಗರಿಯೇ ಬೇಕೆಂಬ ಹಟ ಅದಕ್ಕಿಲ್ಲ.

ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವನ್ನಿಟ್ಟು ಮೀನಿನ ಜಾತಿ, ಮೇವು, ಗಾಳಗಳ ಮಾತು ಬರೆದ. ಇಂಗ್ಲಿಷರ ಗಾಳದ ಪುಸ್ತಕ ಅಚ್ಚಾದದ್ದು 1496ರಲ್ಲಿ. ಹನ್ನೆರಡು ನೊಣಗಳ ಪಟ್ಟಿ ಇರುವುದು ಅದರಲ್ಲೇ. ಅರಸ ಮೀನಿನ ಹೊಟ್ಟೆ ನೋಡಿ ಮೇವು ಹೇಳಿದ. ಬೆಂಗಳೂರಿನಿಂದ ಬಂದ ನಮ್ಮ ಎಂಜಿನಿಯರ್ ಹುಡುಗ ಕೊರಿಯರ್ ಡಬ್ಬಿ ತೆರೆದ ಮೇಲೆ ಮೀನು ಹುಡುಕುತ್ತಾನೆ.

ಅವನೊಬ್ಬನನ್ನೇ ಅಂದು ಏನು ಬಂತು? ವಿಕ್ಟೋರಿಯಾ ರಾಣಿಯ ಕಾಲದ ಸಾಹೇಬರು ಸಾಮನ್ ಮೀನಿಗಾಗಿ ಕಟ್ಟಿದ ನೊಣಗಳ ಮುಂದೆ ನಮ್ಮ ಮದುವಣಗಿತ್ತಿಯೂ ಬಡವಿ. ‘ಜಾಕ್ ಸ್ಕಾಟ್’ ಎಂಬ ನೊಣದ ಮಗ್ಗುಲಿಗೆ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯ ಕುತ್ತಿಗೆಯ ಗರಿಯೇ ಆಗಬೇಕು. ಕಾಡುಕೋಳಿ ಸತ್ತು ಹಡಗು ಹತ್ತಿತು. ಆ ಸಾಮನ್ ಆದರೋ, ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಬಂದ ಮೇಲೆ ಮೇವನ್ನೇ ಬಿಟ್ಟುಬಿಡುತ್ತದೆ. ಉಪವಾಸದ ಮೀನಿಗೆ ಇಷ್ಟು ಬಗೆಯ ಭಕ್ಷ್ಯ! ಆ ಗರಿಗಳನ್ನು ಯಾರಿಗೆ ತೋರಿಸಲು ಸುತ್ತಿದರು ಎಂದು ಕೇಳುವ ಅಗತ್ಯವೇ ಇಲ್ಲ: ಕ್ಲಬ್ಬಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತ ಇನ್ನೊಬ್ಬ ಸಾಹೇಬನಿಗೆ.

ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. 2009ರಲ್ಲಿ, ಕೊಳಲು ಕಲಿಯಲು ಲಂಡನ್ನಿಗೆ ಬಂದಿದ್ದ ಎಡ್ವಿನ್ ರಿಸ್ಟ್ ಎಂಬ ಅಮೆರಿಕದ ಹುಡುಗ ಟ್ರಿಂಗ್ ಊರಿನ ಮ್ಯೂಸಿಯಂ ಕಿಟಕಿಯಿಂದ ನುಗ್ಗಿ 299 ಹಕ್ಕಿಗಳ ಒಣಚರ್ಮ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದ. ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಕಾಡು ಅಲೆದು ತಂದಿದ್ದ ಹಕ್ಕಿಗಳೂ ಅದರಲ್ಲಿದ್ದವು. ಎಲ್ಲ ನೊಣ ಕಟ್ಟಲು. ಇಂಥ ನೊಣ ಕಟ್ಟುವವರಲ್ಲಿ ಹಲವರು ಗಾಳವನ್ನು ನೀರಿಗೆ ಇಳಿಸುವವರೇ ಅಲ್ಲ. ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ನೇತುಹಾಕುತ್ತಾರೆ. ಅಂತೂ ಗಾಳಕ್ಕೆ ಬಿದ್ದವರು ಯಾರೆಂಬುದು ಖಾತ್ರಿಯಾಯಿತು.

ನಮ್ಮವನಿಗೆ ಇನ್ನೂ ಅಷ್ಟು ಪ್ರೌಢಿಮೆ ಬಂದಿಲ್ಲ. ಸದ್ಯಕ್ಕೆ ಅವನು ಪಡಸಾಲೆಯಲ್ಲಿ ಕೂತು, ಬೆರಳಿನ ಸೂಕ್ಷ್ಮ ಕೆಲಸದಿಂದ ಮನಸ್ಸು ಶಾಂತವಾಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ಹೇಳುತ್ತಿರುವುದು ಹಿರೇಕೆರೂರು, ರಾಣೆಬೆನ್ನೂರು ಸೀಮೆಯಲ್ಲಿ! ಇಲ್ಲಿ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಅರಳದ ಹತ್ತಿ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಗಂಡುಭಾಗವನ್ನು ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸುತ್ತಾರೆ. ಟೊಮೆಟೊ ಆದರೆ ಚಿಮಟ ಹಿಡಿಯಬೇಕು. ಉಗುರೋ ಚಿಮಟವೋ ಒಳಗಿನ ಹೆಣ್ಣುಭಾಗಕ್ಕೆ ತಾಗಿದರೆ ಕಾಯಿಯೇ ಕಟ್ಟದು. ಸಾಲಿಗೆ ಸಾಲು ಬಗ್ಗಿ ಹೀಗೆ ಮಾಡುವ ಕೆಲಸಕ್ಕೆ ಊರಿನಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಅದರಿಂದ ಮನಸ್ಸು ಶಾಂತವಾಗುತ್ತದೆಂದು ಯಾರೂ ಹೇಳಿದ್ದಿಲ್ಲ. ಸೊಂಟ ನೋಯುತ್ತದೆ ಎಂದಷ್ಟೇ ಹೇಳುತ್ತಾರೆ.

ಕ್ರಾಸಿಂಗ್ ಮುಗಿಸಿ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಅವ್ವ ವೈಸಿಗೆ ಸಿಕ್ಕಿಸಿದ್ದ ನೊಣವನ್ನು ತಿರುಗಿಸಿ ನೋಡಿದಳು.

“ಚಂದ ಐತಿ ತಮ್ಮಾ. ಇದಕ ದಿನಕ್ಕ ಎಷ್ಟ್ ಪಗಾರ ಕೊಡ್ತಾರ?”

“ಪಗಾರ ಇಲ್ಲಬೇ. ನಾನ ರೊಕ್ಕ ಕೊಟ್ಟು ಕಲಿಯಾಕತ್ತೀನಿ.”

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. “ಹಂಗಾರ ನಾಳೆ ನಸಕಿನ್ಯಾಗ ಹೊಲಕ್ಕ ಬಾ. ಕ್ರಾಸಿಂಗಿಗೆ ಆಳ ಸಿಗವಲ್ರು. ನಿನ್ನ ಕಡಿಂದ ನಾವು ಜಾಸ್ತಿ ಏನ್ ಇಸ್ಕೊಳ್ಳೂದಿಲ್ಲ.”