ಸಾಹುಕಾರರ ದುಬೈ ಸವಾರಿ

(2022ರ ಜನವರಿ. ಕಲಬುರಗಿಯ ನೆಹರು ಗಂಜ್. ಅಡತಿ ಅಂಗಡಿಯ ಮುಂದೆ ತೊಗರಿ ಚೀಲಗಳು.)

ಸಾಹುಕಾರ: ನಾಕು ದಿನ ದುಬೈಗಿ ಹೋಗಿ ಬರ್ತೀನೋ ತಮ್ಮಾ.

ಹಮಾಲಿ: ಈಗೇನ್ರಿ? ಶನಿವಾರ, ಐತವಾರ ಕರ್ಫ್ಯೂ ಅದ. ಕೆಂಪು ಬಾಳೆಹಣ್ಣು ತಿನ್ಲಾಕ ಕಮಲಾಪುರಕ್ಕ ಹೊಂಟ್ರೂ ಪೊಲೀಸರು ಬಿಡಂಗಿಲ್ಲ.

ಸಾಹುಕಾರ: ಕಮಲಾಪುರಕ್ಕ ಬಿಡಂಗಿಲ್ಲ, ವಿಮಾನದ ಟಿಕೆಟ್ ಇದ್ರ ದುಬೈಗಿ ಬಿಡ್ತಾರ! ಅದಕ್ಕೇ ಸರಕಾರ ಅನ್ನೋದು.

ಹಮಾಲಿ: ದೇಶದ ಮೊದಲನೇ ಕೊರೊನಾ ಸಾವು ನಮ್ಮೂರಿನವರದೇ ರೀ, 2020ರ ಮಾರ್ಚ್‌ನ್ಯಾಗ. ಸೌದಿಯಿಂದ ಬಂದಿದ್ರು.

ಸಾಹುಕಾರ: ನಂದು ಎರಡೂ ಸೂಜಿ ಆಗ್ಯಾವ.

ಹಮಾಲಿ: ಬಂದ ಮ್ಯಾಲ 7 ದಿನ ಮನ್ಯಾಗೇ ಕ್ವಾರಂಟೈನ್. ಎಂಟನೇ ದಿನ ಮೂಗಿನಾಗ ಕಡ್ಡಿ.

ಸಾಹುಕಾರ: ಅದಕ್ಕೇ ಹೊಂಟೀನಿ! ತೊಗರಿ ರೊಕ್ಕ ಕೇಳೋ ರೈತರು ಅಷ್ಟು ದಿನ ಬಾಗಿಲಿಗಿ ಬರಂಗಿಲ್ಲ.

ಹಮಾಲಿ: ಅಷ್ಟಕ್ಕ ದುಬೈ ಯಾಕ್ರಿ? ಇಲ್ಲೇ ಎರಡು ಸಲ ಜೋರ್ ಕೆಮ್ರಿ. ಟಿಕೆಟಿನ ರೊಕ್ಕದಾಗ ನಮ್ಮ ಹಮಾಲಿ ಬಾಕಿ ತೀರಿಸ್ರಿ!